ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವ ಮೀಥೇನ್

ಮುಂಬಯಿ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ರಸ್ತೆಯ ಈಚೆ ವಸತಿ ಕಟ್ಟಡಗಳು, ಆಚೆ ಬಣ್ಣ, ರಾಳ, ಔಷಧಿಗೆ ಬೇಕಾದ ಕಚ್ಚಾ ರಾಸಾಯನಿಕಗಳನ್ನು ತಯಾರಿಸುವ ಕಾರ್ಖಾನೆಗಳು. ಈಚೆಯ ಮನೆಗಳ ಒಲೆಗೆ ಕೊಳವೆಯಲ್ಲಿ ಬರುವ ಅನಿಲದ ಬಹುಪಾಲು ಮೀಥೇನ್. ಆಚೆಯ ಕಾರ್ಖಾನೆಗಳಿಗೆ ಟ್ಯಾಂಕರಿನಲ್ಲಿ, ಡ್ರಮ್ಮಿನಲ್ಲಿ ಬಂದಿಳಿಯುವ ದ್ರವಗಳ ಪೈಕಿ ಬೆಂಜೀನ್, ಟೊಲುಯೀನ್, ಕ್ಸೈಲೀನ್ ಮನೆತನದ್ದೇ ದೊಡ್ಡ ಪಾಲು. ಠಾಣೆಯಿಂದ ಬೇಲಾಪುರದವರೆಗೆ, ಅಲ್ಲಿಂದ ತಳೋಜಾದವರೆಗೆ ಇದೇ ಚಿತ್ರ: ನೆಲದಡಿ ಮೀಥೇನ್, ನೆಲದ ಮೇಲೆ ಬೆಂಜೀನ್ ಬಳಗ.

ಈ ಬಳಗದ ಒಳಗುಟ್ಟು ಸರಳ. ಆರು ಇಂಗಾಲದ ಪರಮಾಣುಗಳು ಉಂಗುರವಾಗಿ ಕೂತರೆ ಬೆಂಜೀನ್. ಆ ಉಂಗುರದ ಒಂದು ಹೈಡ್ರೋಜನ್ ತೆಗೆದು ಅಲ್ಲಿ ಮೀಥೈಲ್, ಅಂದರೆ ಒಂದು ಇಂಗಾಲ ಮತ್ತು ಮೂರು ಹೈಡ್ರೋಜನ್‌ಗಳ ತುಣುಕು, ಸಿಕ್ಕಿಸಿದರೆ ಟೊಲುಯೀನ್. ಎರಡು ಕಡೆ ಸಿಕ್ಕಿಸಿದರೆ ಕ್ಸೈಲೀನ್. ಇನ್ನು ಮೀಥೇನ್ ಎಂದರೆ ಆ ಮೀಥೈಲ್ ತುಣುಕಿಗೆ ಇನ್ನೊಂದು ಹೈಡ್ರೋಜನ್ ಅಂಟಿದ್ದು, ಅಷ್ಟೆ. ಹಾಗಿದ್ದ ಮೇಲೆ ಮೀಥೇನನ್ನೂ ಬೆಂಜೀನನ್ನೂ ಒಟ್ಟಿಗೆ ಹಾಯಿಸಿ, ಎರಡರಿಂದಲೂ ಒಂದೊಂದು ಹೈಡ್ರೋಜನ್ ಕಿತ್ತು, ಉಳಿದದ್ದನ್ನು ಜೋಡಿಸಿದರಾಯಿತಲ್ಲ? ಟೊಲುಯೀನ್ ಸಿಕ್ಕಿತು, ಜೊತೆಗೆ ಹೈಡ್ರೋಜನ್ ಅನಿಲ ಲಾಭ. ಕಾಗದದ ಮೇಲೆ ಪಿಯುಸಿ ವಿದ್ಯಾರ್ಥಿಯೂ ಬರೆಯಬಲ್ಲ ಸಮೀಕರಣ.

ಕಾರ್ಖಾನೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಮೀಥೇನಿನ ಇಂಗಾಲ ಉಂಗುರಕ್ಕೆ ಸೇರಬೇಕಾದರೆ ಇಂದಿನ ದಾರಿ ಹೀಗಿದೆ: ಮೊದಲು ಮೀಥೇನನ್ನು ಹಬೆಯ ಜೊತೆ ನಿಕ್ಕಲ್ ವೇಗವರ್ಧಕದ ಮೇಲೆ 800 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಹಾಯಿಸಿ, ಪೂರ್ತಿ ಚೂರು ಮಾಡಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಿಸುವುದು. ಆ ಮಿಶ್ರಣವನ್ನು ತಣಿಸಿ, ಒತ್ತಿ, ತಾಮ್ರದ ವೇಗವರ್ಧಕದ ಮೇಲೆ ಮತ್ತೆ ಕೂಡಿಸಿ ಮೆಥನಾಲ್ ಮಾಡುವುದು. ಟ್ರಾಂಬೆಯ ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್, ತಳೋಜಾದ ದೀಪಕ್ ಫರ್ಟಿಲೈಸರ್ಸ್ ಮೆಥನಾಲ್ ಘಟಕಗಳನ್ನು ಕಟ್ಟಿದ್ದು ಈ ದಾರಿಯಲ್ಲೇ. ಕೊನೆಗೆ ಆ ಮೆಥನಾಲನ್ನು ಉಂಗುರದ ಜೊತೆ ಬೆರೆಸಿ ಮೀಥೈಲ್ ಸಿಕ್ಕಿಸುವುದು. ಮೊದಲೇ ಇದ್ದ ಮೂರು ಹೈಡ್ರೋಜನ್‌ಗಳನ್ನು ಕಿತ್ತೆಸೆದು, ಮತ್ತೆ ಅವೇ ಮೂರನ್ನು ಅಂಟಿಸುವ ಈ ಕೆಲಸಕ್ಕೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದದ್ದು ಎನ್ನದೆ ಬೇರೇನು ಅನ್ನೋಣ? ಸುತ್ತುವ ಕೊಂಕಣವೂ ಇಲ್ಲಿ ನಿಜವಾದ ಕೊಂಕಣವೇ.

ಮೀಥೇನ್ ಈ ಸೀಮೆಗೆ ಬಂದದ್ದು ಸಮುದ್ರದಿಂದ. 1974ರಲ್ಲಿ ಬಾಂಬೆ ಹೈನಲ್ಲಿ ತೈಲ ಸಿಕ್ಕಿತು, 1976ರಲ್ಲಿ ಉತ್ಪಾದನೆ ಶುರುವಾಯಿತು. ತೈಲದ ಜೊತೆ ಬಂದ ಅನಿಲ ಉರಣ್‌ನಲ್ಲಿ ದಡ ಸೇರಿತು. ಮೊದಲ ಹತ್ತು ಹದಿನೈದು ವರ್ಷ, ಬಳಸಿಕೊಳ್ಳುವ ಏರ್ಪಾಟು ಸಾಲದೆ, ಸಮುದ್ರದ ಮೇಲೆಯೇ ಬಹಳಷ್ಟನ್ನು ಸುಟ್ಟುಬಿಟ್ಟರು. ಮನೆಮನೆಗೆ ಕೊಳವೆ ಹಾಕುವ ಮಹಾನಗರ ಗ್ಯಾಸ್ ಹುಟ್ಟಿದ್ದು 1995ರಲ್ಲಿ. ಉಂಗುರದ ರಸಾಯನಶಾಸ್ತ್ರ ಅದಕ್ಕಿಂತ ಹಳೆಯದು. ಠಾಣೆ-ಬೇಲಾಪುರ ರಸ್ತೆಯಲ್ಲಿ ಮಫತ್‌ಲಾಲ್ ಸಮೂಹದ ನೋಸಿಲ್ 1968ರಲ್ಲೇ ನಾಫ್ತಾ ಒಡೆಯುವ ಘಟಕ ನಡೆಸುತ್ತಿತ್ತು. ಅದೇ ರಸ್ತೆಯ ಹರ್ಡಿಲಿಯಾ ಕೆಮಿಕಲ್ಸ್ ಬೆಂಜೀನಿಗೆ ಪ್ರೊಪಿಲೀನ್ ಜೋಡಿಸಿ ಕ್ಯುಮೀನ್, ಕ್ಯುಮೀನಿನಿಂದ ಫೀನಾಲ್ ತಯಾರಿಸುತ್ತಿತ್ತು. ಅಂದರೆ ಬೆಂಜೀನ್ ಉಂಗುರಕ್ಕೆ ಬಾಲ ಕಟ್ಟುವ ವಿದ್ಯೆ ನವಿ ಮುಂಬಯಿಗೆ ಅರ್ಧ ಶತಮಾನಕ್ಕೂ ಹಳೆಯ ವಿದ್ಯೆ.

ಪ್ರೊಪಿಲೀನ್ ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದನ್ನು ಮೀಥೇನ್ ಏಕೆ ಒಪ್ಪುವುದಿಲ್ಲ? ಪ್ರೊಪಿಲೀನಿನಲ್ಲಿ ಒಂದು ಜೋಡಿಬಂಧ ಇದೆ. ಆಮ್ಲದ ಒಂದು ಪ್ರೋಟಾನ್ ಹತ್ತಿರ ಬಂದರೆ ಸಾಕು, ಆ ಬಂಧ ಬಿಚ್ಚಿ ಪ್ರೋಟಾನನ್ನು ಹಿಡಿದುಕೊಳ್ಳುತ್ತದೆ, ಧನ ವಿದ್ಯುದಂಶ ಹೊತ್ತು ಉಂಗುರದ ಮೇಲೆ ಬೀಳುತ್ತದೆ. ಮೀಥೇನಿನಲ್ಲಿ ಬಿಚ್ಚುವುದಕ್ಕೆ ಏನೂ ಇಲ್ಲ. ನಾಲ್ಕು ಹೈಡ್ರೋಜನ್‌ಗಳು ಇಂಗಾಲವನ್ನು ನಾಲ್ಕು ದಿಕ್ಕಿನಿಂದ ಸರಿಸಮನಾಗಿ ಮುಚ್ಚಿಕೊಂಡಿವೆ. ವಿದ್ಯುದಂಶದ ಏರುಪೇರಿಲ್ಲ, ಬಿಡಿ ಎಲೆಕ್ಟ್ರಾನ್ ಜೋಡಿ ಇಲ್ಲ. ಒಂದು ಹೈಡ್ರೋಜನ್ ಕೀಳಲು ಪ್ರತಿ ಮೋಲ್‌ಗೆ ಸುಮಾರು 439 ಕಿಲೋಜೂಲ್ ಬೇಕು. ಹೈಡ್ರೋಕಾರ್ಬನ್ನುಗಳ ಸಂಸಾರದಲ್ಲಿ ಇಷ್ಟು ಗಟ್ಟಿಯಾದ ಏಕಬಂಧ ಹೆಚ್ಚು ಕಡೆ ಇಲ್ಲ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಸಗಣಿಯ ಸಕಲವೂ ಕೊಳೆತು ಮುಗಿದ ಮೇಲೆ ಉಳಿಯುವುದು ಇದೇ ಮೀಥೇನ್ ಎನ್ನುವುದೇ ಅದರ ಹಟಕ್ಕೆ ಸಾಕ್ಷಿ. ಗಾಳಿಯಿಲ್ಲದ ಆ ತೊಟ್ಟಿಯಲ್ಲಿ ಅದನ್ನು ಮುಂದೆ ಅರಗಿಸುವ ಜೀವಿ ಬಹುತೇಕ ಇಲ್ಲ.

ಈ ಹಟಮಾರಿಯನ್ನು ಬಗ್ಗಿಸಲು ವಿಜ್ಞಾನಿಗಳು ಆರಿಸಿಕೊಂಡ ಸಾಧನ ಜಿಯೊಲೈಟ್ ಎಂಬ ಹರಳು. ಇದೂ ಈ ನೆಲಕ್ಕೆ ಹೊಸದಲ್ಲ. ಠಾಣೆಯ ಪಾರ್ಸಿಕ್ ಗುಡ್ಡವೂ ಸೇರಿ ಸಹ್ಯಾದ್ರಿಯ ಈ ಇಡೀ ಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾರಸದ ಕಪ್ಪುಕಲ್ಲು. ಲಾವಾದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪೊಳ್ಳಿನೊಳಗೆ ಬಿಸಿನೀರು ಹರಿದು ಹರಿದು ಸ್ಟಿಲ್ಬೈಟ್, ಹ್ಯೂಲಂಡೈಟ್ ಮೊದಲಾದ ಜಿಯೊಲೈಟ್ ಹರಳುಗಳು ಬೆಳೆದವು. 1850ರ ದಶಕದಲ್ಲಿ ಬೋರ್ ಘಾಟಿನಲ್ಲಿ ರೈಲು ಮಾರ್ಗಕ್ಕಾಗಿ ಬೆಟ್ಟ ಸೀಳಿದಾಗ ಹೊರಬಿದ್ದ ಹರಳುಗಳು ಯುರೋಪಿನ ಸಂಗ್ರಹಾಲಯಗಳನ್ನು ಸೇರಿದವು. ಇಂದಿಗೂ ಪುಣೆ, ನಾಸಿಕ್, ಜಳಗಾಂವ್ ಕಡೆಯ ಕಲ್ಲುಗಣಿಗಳ ಜಿಯೊಲೈಟ್‌ಗಳಿಗೆ ಜಗತ್ತಿನ ಹರಳು ಸಂಗ್ರಾಹಕರಲ್ಲಿ ಬೇಡಿಕೆ ಇದೆ.

ಆದರೆ ಮೀಥೇನಿನ ಕತೆಯ ನಾಯಕ ಪ್ರಯೋಗಾಲಯದಲ್ಲಿ ಹುಟ್ಟಿದವನು: ಅಮೆರಿಕದ ಮೊಬಿಲ್ ಕಂಪನಿ 1972ರಲ್ಲಿ ಪೇಟೆಂಟ್ ಪಡೆದ ಜೆಡ್‌ಎಸ್‌ಎಂ-5. (ಇದೇ ರಚನೆಯ ಸಹಜ ಖನಿಜವೂ ಇದೆ, ಸಿಕ್ಕಿದ್ದು ಅಂಟಾರ್ಕ್ಟಿಕಾದಲ್ಲಿ.) ಸಿಲಿಕಾನ್, ಆಮ್ಲಜನಕ, ಅಲ್ಲಲ್ಲಿ ಅಲ್ಯೂಮಿನಿಯಂ ಸೇರಿ ಕಟ್ಟಿದ ಈ ಹರಳಿನ ತುಂಬ ಸುರಂಗಗಳು. ಸುರಂಗದ ಅಗಲ ಸುಮಾರು 0.55 ನ್ಯಾನೋಮೀಟರ್; ಬೆಂಜೀನ್ ಅಣು ಮೈ ಉಜ್ಜಿಕೊಂಡು ಒಳಗೆ ಹೋಗುವಷ್ಟು. 0.38 ನ್ಯಾನೋಮೀಟರಿನ ಮೀಥೇನ್ ಆರಾಮಾಗಿ ಓಡಾಡುತ್ತದೆ. ಸಿಲಿಕಾನ್ ಇರಬೇಕಾದಲ್ಲಿ ಅಲ್ಯೂಮಿನಿಯಂ ಕೂತ ಕಡೆಯೆಲ್ಲ ಒಂದು ಋಣ ವಿದ್ಯುದಂಶ ಹೆಚ್ಚಾಗುತ್ತದೆ. ಅದನ್ನು ಸರಿದೂಗಿಸಲು ಪಕ್ಕದ ಆಮ್ಲಜನಕದ ಮೇಲೆ ಒಂದು ಪ್ರೋಟಾನ್ ಬಂದು ಕೂತರೆ ಆ ಜಾಗ ಪ್ರಬಲ ಆಮ್ಲ. ಪ್ರೋಟಾನ್ ಬದಲು ಸತು, ಬೆಳ್ಳಿ, ಗ್ಯಾಲಿಯಂ, ಕೋಬಾಲ್ಟ್ ಅಯಾನನ್ನು ಕೂರಿಸಿದರೆ ಆಮ್ಲ ಹೋಗಿ ಲೋಹದ ಗುಣ ಬರುತ್ತದೆ. ಒಂದೇ ಹರಳಿನಲ್ಲಿ ಕೆಲವು ಕಡೆ ಅದು, ಕೆಲವು ಕಡೆ ಇದು. ಮೀಥೇನ್ ವಿಚಾರದಲ್ಲಿ ನಡೆದ ಆಟವೆಲ್ಲ ಈ ಬೆರಕೆಯ ಮೇಲೆಯೇ.

ಈ ಜಾತಿಯ ಜಿಯೊಲೈಟ್‌ಗಳಲ್ಲಿ ನಮ್ಮವರದೂ ಪಾಲಿದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಾಲ್ ರತ್ನಸಾಮಿ ಅವರ ತಂಡ 1980ರ ದಶಕದಲ್ಲಿ ಎನ್ಸಿಲೈಟ್ ಎಂಬ ವೇಗವರ್ಧಕವನ್ನು ರೂಪಿಸಿತು. ಕ್ಸೈಲೀನುಗಳನ್ನು ಬೇಕಾದ ರೂಪಕ್ಕೆ ತಿರುಗಿಸುವ ಅದರ ತಂತ್ರವನ್ನು ವಡೋದರದ ಐಪಿಸಿಎಲ್ ಬಳಸಿತು. ಜೊತೆಗಾರನಾಗಿ ನಿಂತದ್ದು, ಠಾಣೆಯಲ್ಲಿ ಸಂಶೋಧನಾ ಕೇಂದ್ರ ಹೊಂದಿದ್ದ ಎಸಿಸಿ. ಸಿಮೆಂಟ್ ಕಂಪನಿಗೆ ಜಿಯೊಲೈಟ್ ಏಕೆ ಎಂದು ಕೇಳಬೇಡಿ. ಸಿಲಿಕಾ, ಅಲ್ಯೂಮಿನಾ ಬೇಯಿಸುವುದೇ ಅವರ ಕಸುಬು.

ಅದೇ ಪುಣೆಯ ಪ್ರಯೋಗಾಲಯದಿಂದ 1997ರಲ್ಲಿ ಬಂದ ಒಂದು ಪ್ರಬಂಧ ಜಗತ್ತಿನ ಮೀಥೇನ್ ತಜ್ಞರನ್ನು ಬಡಿದೆಬ್ಬಿಸಿತು. ವಿ. ಆರ್. ಚೌಧರಿ, ಎ. ಕೆ. ಕಿಣಗೆ, ಟಿ. ವಿ. ಚೌಧರಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ಜೆಡ್‌ಎಸ್‌ಎಂ-5ರ ಚೌಕಟ್ಟಿನೊಳಗೇ ಗ್ಯಾಲಿಯಂ ಸೇರಿಸಿದ ಜಿಯೊಲೈಟಿನ ಮೇಲೆ ಮೀಥೇನನ್ನು ತುಸು ದೊಡ್ಡ ಹೈಡ್ರೋಕಾರ್ಬನ್ನುಗಳ ಜೊತೆಗೂಡಿಸಿ ಹಾಯಿಸಿದರೆ, 400ರಿಂದ 600 ಡಿಗ್ರಿಯಲ್ಲೇ, ಆಮ್ಲಜನಕದ ಹಂಗಿಲ್ಲದೆ, ಮೀಥೇನ್ ಬೆಂಜೀನ್ ಬಳಗವಾಗಿ ಬದಲಾಗುತ್ತದೆ. ಅದಕ್ಕೆ ನಾಲ್ಕು ವರ್ಷ ಮುಂಚೆ ಚೀನಾದ ದಾಲಿಯನ್ ತಂಡ ಮಾಲಿಬ್ಡಿನಂ ಹೊತ್ತ ಜೆಡ್‌ಎಸ್‌ಎಂ-5ರ ಮೇಲೆ ಮೀಥೇನನ್ನು ಒಂಟಿಯಾಗಿಯೇ ಬೆಂಜೀನ್ ಮಾಡಿ ತೋರಿಸಿತ್ತು. ಅದಕ್ಕೆ 700 ಡಿಗ್ರಿ ಬೇಕಾಗಿತ್ತು, ವೇಗವರ್ಧಕದ ಮೇಲೆ ಬೇಗ ಮಸಿ ಕಟ್ಟುತ್ತಿತ್ತು. ಪುಣೆಯವರು ಶಾಖವನ್ನು ಬಹಳ ಕೆಳಗಿಳಿಸಿದ್ದರು.

ಆದರೆ ಒಂದು ಪ್ರಶ್ನೆ ಉಳಿಯಿತು. ಹೊರಬಂದ ಉಂಗುರಗಳ ಇಂಗಾಲ ನಿಜಕ್ಕೂ ಮೀಥೇನಿನದೋ, ಜೊತೆಗೆ ಹಾಕಿದ ದೊಡ್ಡ ಅಣುಗಳದೋ? ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು ಎಂದು ಲೆಕ್ಕ ಹಾಕಿದರೆ ಉತ್ತರ ಪಕ್ಕಾ ಆಗುವುದಿಲ್ಲ. ಅತ್ತ ದೊಡ್ಡ ಅಣುಗಳು ಒಡೆದು ಹೊಸ ಮೀಥೇನನ್ನೂ ಹುಟ್ಟಿಸುತ್ತಿರುತ್ತವೆ. ಜಮೆ ಯಾವುದು, ಖರ್ಚು ಯಾವುದು ಗೊತ್ತಾಗದು. ಇಂಥ ವ್ಯಾಜ್ಯಕ್ಕೆ ರಸಾಯನಶಾಸ್ತ್ರದಲ್ಲಿ ಒಬ್ಬ ನ್ಯಾಯಾಧೀಶ ಇದ್ದಾನೆ: ಕಾರ್ಬನ್-13. ಮಾಮೂಲಿ ಇಂಗಾಲದ ತೂಕ 12, ಇದರದು 13. ನಡವಳಿಕೆ ಒಂದೇ, ತೂಕ ಮಾತ್ರ ಬೇರೆ. ಉದಾಹರಣೆಗೆ ಮೀಥೇನನ್ನು ಬೆಂಜೀನಿಗೆ ಸೇರಿಸುವ ಪ್ರಯೋಗದಲ್ಲಿ, ಮೀಥೇನನ್ನು ಕಾರ್ಬನ್-13ರಿಂದ ಮಾಡಿ, ಬೆಂಜೀನನ್ನು ಮಾಮೂಲಿ ಇಂಗಾಲದ್ದೇ ಇಟ್ಟು, ಹುಟ್ಟಿದ ಟೊಲುಯೀನನ್ನು ದ್ರವ್ಯರಾಶಿ ಮಾಪಕಕ್ಕೆ ಹಾಕಬೇಕು. ಸಾಮಾನ್ಯ ಟೊಲುಯೀನಿನ ಗೆರೆ 92ರಲ್ಲಿ ಬರುತ್ತದೆ. ಮೀಥೇನಿನ ಇಂಗಾಲ ಸೇರಿದ್ದರೆ ಗೆರೆ 93ಕ್ಕೆ ಸರಿಯುತ್ತದೆ. ಸರಿಯದಿದ್ದರೆ ಮೀಥೇನ್ ಬಂದ ದಾರಿಗೆ ಸುಂಕವಿಲ್ಲದೆ ಹೊರಟುಹೋಗಿದೆ ಎಂದರ್ಥ.

2002ರಲ್ಲಿ ಫ್ರಾನ್ಸಿನ ಕ್ಲೋದ್ ನಕ್ಕಾಶ್ ಮತ್ತು ಸಂಗಡಿಗರು ಪುಣೆಯ ಗ್ಯಾಲಿಯಂ ಜಿಯೊಲೈಟನ್ನು ಇದೇ ಪರೀಕ್ಷೆಗೆ ಒಡ್ಡಿದರು. ಉಂಗುರಗಳಲ್ಲಿ ಕಾರ್ಬನ್-13ರ ಗುರುತು ಅವರಿಗೆ ಸಿಗಲಿಲ್ಲ. ಹಾಗೆಂದು ಅಲ್ಲಿಗೆ ಕತೆ ಮುಗಿಯಲಿಲ್ಲ. ಅದೇ ದಶಕದಲ್ಲಿ ಜಪಾನಿನ ತೋಶಿಹಿದೆ ಬಾಬಾ ಅವರ ಪ್ರಯೋಗಗಳಲ್ಲಿ ಬೆಳ್ಳಿ ಹೊತ್ತ ಜಿಯೊಲೈಟ್ ಗುರುತಿನ ಮೀಥೇನನ್ನು ಬೆಂಜೀನಿಗೆ ಸೇರಿಸಿ ಗುರುತಿನ ಟೊಲುಯೀನನ್ನೇ ಕೊಟ್ಟಿತು. 2008ರಲ್ಲಿ ರಷ್ಯಾದ ನೊವೊಸಿಬಿರ್ಸ್ಕ್‌ನ ಬೊರೆಸ್ಕೊವ್ ಸಂಸ್ಥೆಯ ತಂಡ ಸತು ಹೊತ್ತ ಜಿಯೊಲೈಟಿನ ಮೇಲೆ ಮೀಥೇನನ್ನೂ ಪ್ರೊಪೇನನ್ನೂ ಕೂಡಿಸಿ, ಕಾರ್ಬನ್-13 ಎಲ್ಲಿಗೆ ಹೋಗುತ್ತದೆಂದು ಎನ್‌ಎಂಆರ್ ಯಂತ್ರದಲ್ಲಿ ಹಿಂಬಾಲಿಸಿ ನೋಡಿತು. ಪ್ರೊಪೇನ್ ಮೊದಲು ಉಂಗುರ ಕಟ್ಟುತ್ತದೆ; ಮೀಥೇನಿನ ಇಂಗಾಲ ಆಮೇಲೆ ಮೀಥೈಲ್ ಆಗಿ ಆ ಉಂಗುರಕ್ಕೆ ಅಂಟಿಕೊಳ್ಳುತ್ತದೆ. ಪುಣೆಯವರು ಕೈ ಹಾಕಿದ ದಿಕ್ಕು ತಪ್ಪಲ್ಲ, ಲೋಹವೂ ದಾರಿಯೂ ಬೇರೆಯಾಗಿದ್ದವು ಎಂದು ನಾನು ಓದಿಕೊಳ್ಳುತ್ತೇನೆ.

ಲೋಹ ಬದಲಾದರೆ ಇಷ್ಟು ವ್ಯತ್ಯಾಸ ಏಕೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೀಥೇನ್ ಒಂದು ಬೆಳ್ಳಿ ಅಯಾನಿನ ಬಳಿ ಬಂದಾಗ ಹೈಡ್ರೋಜನನ್ನು ಬೆಳ್ಳಿ ಎಳೆದುಕೊಳ್ಳುತ್ತದೆ, ಮೀಥೈಲ್ ಪಕ್ಕದ ಆಮ್ಲಜನಕದ ಮೇಲೆ ಹೋಗಿ ಕೂರುತ್ತದೆ. ಆಗ ಮೀಥೈಲಿಗೆ ಧನ ವಿದ್ಯುದಂಶದ ಛಾಯೆ ಬರುತ್ತದೆ. ಬೆಂಜೀನ್ ಉಂಗುರದ ಮೇಲೂ ಕೆಳಗೂ ಎಲೆಕ್ಟ್ರಾನುಗಳ ಮೋಡ. ಅದಕ್ಕೆ ಇಂಥ ಧನ ಮೀಥೈಲೇ ಬೇಕು. ಸತುವಿನ ಬಳಿ ಆಗುವುದು ಇದರ ತದ್ವಿರುದ್ಧ. ಸತು ಮೀಥೈಲನ್ನೇ ಹಿಡಿದುಕೊಳ್ಳುತ್ತದೆ, ಹೈಡ್ರೋಜನ್ ಆಮ್ಲಜನಕದ ಪಾಲಾಗುತ್ತದೆ. ಸತುವಿಗಂಟಿದ ಮೀಥೈಲ್ ಋಣ ಸ್ವಭಾವದ್ದು, ಉಂಗುರ ಅದನ್ನು ನೇರವಾಗಿ ಮೂಸಿಯೂ ನೋಡುವುದಿಲ್ಲ. ಅದು ಆಮ್ಲಜನಕಕ್ಕೆ ದಾಟಿ ಸ್ವಭಾವ ಬದಲಿಸಿಕೊಂಡ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಲುಕ್ಯಾನೊವ್ ಪ್ಲಾಟಿನಂ ಹಿಡಿದು 370 ಡಿಗ್ರಿಗೇ ಟೊಲುಯೀನ್ ಮಾಡಿದರು. ಜಪಾನಿನ ತೊತ್ತೋರಿ ವಿಶ್ವವಿದ್ಯಾಲಯದಲ್ಲಿ ಕತಾದಾ ಅವರ ತಂಡ ಕೋಬಾಲ್ಟ್ ಹಿಡಿದು ಕೂತಿದೆ. ಆಸ್ಟ್ರೇಲಿಯಾದಲ್ಲಿ ಇನ್ನೊಂದು ತಂಡ ಸ್ವಲ್ಪ ಆಮ್ಲಜನಕ ಬೆರೆಸಿದರೆ ಮಾತ್ರ ಕೆಲಸ ನಡೆಯುತ್ತದೆ ಎಂದು ಕಂಡಿತು. ಅಲ್ಲಿ ಮೀಥೇನ್ ಕ್ಷಣಕಾಲ ಮೆಥನಾಲ್ ಆಗಿ ಉಂಗುರ ಸೇರುತ್ತದೆಂಬ ವಿವರಣೆ ಇದೆ. ಕೊಂಕಣವನ್ನು ಪಾತ್ರೆಯೊಳಗೇ ಸುತ್ತಿದ ಹಾಗೆ.

ಇಷ್ಟಾದರೂ ಇದು ಕಾರ್ಖಾನೆ ಆಗಲಿಲ್ಲ. ಅದಕ್ಕೆ ವೇಗವರ್ಧಕವನ್ನು ದೂರುವುದು ರೂಢಿ. ನನ್ನ ಮಟ್ಟಿಗೆ ಅಸಲಿ ಅಡ್ಡಗಾಲು ಬೇರೆ ಕಡೆ ಇದೆ.

ವೇಗವರ್ಧಕ ಕ್ರಿಯೆಯನ್ನು ಚುರುಕು ಮಾಡಬಲ್ಲದೇ ಹೊರತು ಅದು ಎಲ್ಲಿ ನಿಲ್ಲಬೇಕೆಂಬುದನ್ನು ಬದಲಿಸಲಾರದು. ನಿಲ್ಲುವ ಜಾಗವನ್ನು ಗೊತ್ತು ಮಾಡುವುದು ಉಷ್ಣಗತಿಶಾಸ್ತ್ರ. ಮೀಥೇನ್, ಬೆಂಜೀನ್ ಸೇರಿ ಟೊಲುಯೀನ್, ಹೈಡ್ರೋಜನ್ ಆಗುವ ಕ್ರಿಯೆಗೆ ಪ್ರತಿ ಮೋಲ್‌ಗೆ ಸುಮಾರು 42 ಕಿಲೋಜೂಲ್ ಹೊರಗಿನಿಂದ ತುಂಬಬೇಕು. ಪಠ್ಯಪುಸ್ತಕದ ಕೋಷ್ಟಕಗಳನ್ನಿಟ್ಟುಕೊಂಡು ಲೆಕ್ಕ ಹಾಕಿದರೆ, 400 ಡಿಗ್ರಿಯಲ್ಲಿ ಎರಡನ್ನೂ ಸಮಸಮ ಹಾಕಿದಾಗ ನೂರು ಬೆಂಜೀನ್ ಅಣುಗಳಲ್ಲಿ ಎರಡರ ಆಸುಪಾಸು ಟೊಲುಯೀನ್ ಆಗಿ ಕ್ರಿಯೆ ನಿಂತುಬಿಡುತ್ತದೆ. ಮೀಥೇನನ್ನು ಹತ್ತು ಪಟ್ಟು ಸುರಿದರೂ ಐದರ ಹತ್ತಿರ. ಒತ್ತಡ ಏರಿಸಿ ಗೆಲ್ಲೋಣವೆಂದರೆ ಅದೂ ಇಲ್ಲ: ಈಚೆ ಎರಡು ಅಣು, ಆಚೆಯೂ ಎರಡೇ ಅಣು, ಒತ್ತಡಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ.

ಇನ್ನೂ ತಮಾಷೆ ಎಂದರೆ ಪೆಟ್ರೋಕೆಮಿಕಲ್ ಉದ್ಯಮ ಈ ಸಮೀಕರಣವನ್ನು ದಶಕಗಳಿಂದ ತಿರುಗಾಮುರುಗಾ ನಡೆಸುತ್ತಿದೆ. ಟೊಲುಯೀನ್ ಹೆಚ್ಚಾಗಿ ಬೆಂಜೀನಿಗೆ ಬೆಲೆ ಬಂದಾಗ ಟೊಲುಯೀನಿಗೆ ಹೈಡ್ರೋಜನ್ ಕೊಟ್ಟು ಮೀಥೈಲನ್ನು ಕಳಚುತ್ತಾರೆ. ಬೆಂಜೀನ್ ಸಿಗುತ್ತದೆ, ಕಳಚಿದ ಮೀಥೈಲ್ ಮೀಥೇನ್ ಆಗಿ ಹೊರಬಂದು ಅಲ್ಲೇ ಕುಲುಮೆಯಲ್ಲಿ ಉರಿಯುತ್ತದೆ. ನೀರು ಇಳಿಜಾರಿಗೆ ಹರಿಯುವ ದಿಕ್ಕು ಅದು. ನಾವು ಕೇಳುತ್ತಿರುವುದು ಏರಿಗೆ.

ಏರಿಗೆ ಹತ್ತಿಸುವ ಉಪಾಯ ಒಂದಿದೆ: ಹುಟ್ಟಿದ ಹೈಡ್ರೋಜನನ್ನು ಹುಟ್ಟಿದಲ್ಲಿಂದಲೇ ಸಾಗಹಾಕುವುದು. ಹೈಡ್ರೋಜನನ್ನು ಮಾತ್ರ ಸೋಸುವ ಪೆಲಾಡಿಯಂ ಪೊರೆ ಇಡಬಹುದು. ಆಮ್ಲಜನಕ ಬೆರೆಸಿ ನೀರಾಗಿಸಬಹುದು; ಆದರೆ ಆಮ್ಲಜನಕ ಬಂದರೆ ಬೆಂಜೀನೂ ಅಷ್ಟಿಷ್ಟು ಸುಡುತ್ತದೆ, ಮಿಶ್ರಣ ಸ್ಫೋಟದ ಗಡಿ ಮುಟ್ಟದಂತೆ ಕಾಯಬೇಕು. ಇಲ್ಲವೇ, ಹೈಡ್ರೋಜನ್ ಹಿಡಿದುಕೊಳ್ಳುವ ಇನ್ನೊಂದು ಅಣುವನ್ನು ಜೊತೆಗೆ ಬಿಡಬೇಕು. ಪುಣೆಯವರು 1997ರಲ್ಲಿ ಮೀಥೇನಿನ ಜೊತೆಗೆ ದೊಡ್ಡ ಅಣುಗಳನ್ನು ಕಳಿಸಿದ ತರ್ಕ ಇದಕ್ಕೆ ಹತ್ತಿರದ್ದು, ಆ ತರ್ಕಕ್ಕೆ ಇಂದಿಗೂ ಬೆಲೆ ಇದೆ.

ಬೆಲೆಯ ಮಾತು ಬಂತು. ಬೆಂಜೀನನ್ನು ಟೊಲುಯೀನ್ ಮಾಡುವುದರಲ್ಲಿ ವ್ಯಾಪಾರ ಇಲ್ಲ. ಬೆಂಜೀನೇ ಸಾಮಾನ್ಯವಾಗಿ ಹೆಚ್ಚು ಬೆಲೆಯದು. ಹಣ ಇರುವುದು ಮುಂದಿನ ಮೆಟ್ಟಿಲಲ್ಲಿ, ಟೊಲುಯೀನನ್ನು ಪ್ಯಾರಾಕ್ಸೈಲೀನ್ ಮಾಡುವುದರಲ್ಲಿ. ಉಂಗುರದ ಎದುರುಬದುರಿನ ಎರಡು ಮೂಲೆಗಳಲ್ಲಿ ಮೀಥೈಲ್ ಇರುವ ಈ ಕ್ಸೈಲೀನೇ ಪಾಲಿಯೆಸ್ಟರ್ ಬಟ್ಟೆಗೂ ನೀರಿನ ಬಾಟಲಿಗೂ ಮೂಲ. ರಾಯಗಡ ಜಿಲ್ಲೆಯ ಪಾತಾಳಗಂಗಾದಲ್ಲಿ ರಿಲಯನ್ಸ್ ಇದನ್ನು ನಂಬಿಯೇ ಬೆಳೆಯಿತು. ನಮ್ಮ ಮಂಗಳೂರಿನಲ್ಲಿ ಒಎನ್‌ಜಿಸಿ ಮಂಗಳೂರು ಪೆಟ್ರೋಕೆಮಿಕಲ್ಸ್, ಈಗ ಎಂಆರ್‌ಪಿಎಲ್‌ನಲ್ಲಿ ವಿಲೀನವಾಗಿರುವ ಘಟಕ, ವರ್ಷಕ್ಕೆ 9 ಲಕ್ಷ ಟನ್‌ಗೂ ಮಿಕ್ಕಿ ಪ್ಯಾರಾಕ್ಸೈಲೀನ್ ಮಾಡುವ ಸಾಮರ್ಥ್ಯದ್ದು. ಇಲ್ಲಿ ಜೆಡ್‌ಎಸ್‌ಎಂ-5ರ ಸುರಂಗ ಎರಡನೆಯ ಉಪಕಾರವನ್ನೂ ಮಾಡುತ್ತದೆ. ಪ್ಯಾರಾಕ್ಸೈಲೀನ್ ನೀಳ ಅಣು, ಸುರಂಗದಿಂದ ಸರಕ್ಕನೆ ಜಾರುತ್ತದೆ. ಆರ್ಥೋ, ಮೆಟಾ ಸೋದರರು ಹೊಟ್ಟೆ ದಪ್ಪಗಿರುವವರು. ಅವರು ನುಸುಳಲು ಅದರ ಸಾವಿರ ಪಟ್ಟು ಹೊತ್ತು ಹಿಡಿಯುತ್ತದೆ. ಈಗ ಚಾಲ್ತಿಯಲ್ಲಿರುವ ಒಂದು ವಿಧಾನದಲ್ಲಿ ಎರಡು ಟೊಲುಯೀನ್ ಸೇರಿ ಒಂದು ಕ್ಸೈಲೀನ್, ಒಂದು ಬೆಂಜೀನ್ ಆಗುತ್ತವೆ: ಒಂದರ ಮೀಥೈಲ್ ಕಿತ್ತು ಇನ್ನೊಂದಕ್ಕೆ. ಆ ಮೀಥೈಲ್ ಮೀಥೇನಿನಿಂದ ಬಂದರೆ ಒಂದೊಂದು ಟೊಲುಯೀನೂ ಕ್ಸೈಲೀನೇ ಆದೀತು.

ಹಾಗಾದರೆ ಡೊಂಬಿವಲಿಗೆ ಇದರಿಂದ ಏನು? ಅಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಕಾರ್ಖಾನೆಗಳಲ್ಲಿ ಆದ ಸ್ಫೋಟಗಳು ಜೀವಗಳನ್ನು ತೆಗೆದುಕೊಂಡವು, ಸುತ್ತಲ ಮನೆಗಳ ಗಾಜು ಪುಡಿ ಮಾಡಿದವು. ಅವು ಮೀಥೈಲ್ ಜೋಡಿಸುವಾಗ ಆದವಲ್ಲ. ಆದರೂ ವಸತಿಯ ನಡುವೆ ಎಂಥ ರಾಸಾಯನಿಕ ಇಡಬಹುದೆಂಬ ಪ್ರಶ್ನೆ ಆ ಊರಿನಲ್ಲಿ ಹಳಸುವುದಿಲ್ಲ. ಸಣ್ಣ ಪ್ರಮಾಣದ ಔಷಧಿ, ಬಣ್ಣದ ತಯಾರಿಕೆಯಲ್ಲಿ ಮೀಥೈಲ್ ಸೇರಿಸಲು ಬಳಸುವ ಡೈಮೀಥೈಲ್ ಸಲ್ಫೇಟ್ ಮಹಾವಿಷ. ಅದರ ಹಬೆ ಉಸಿರಿಗೆ ಹೋದಾಗ ಗೊತ್ತಾಗದೆ, ಗಂಟೆಗಳ ಮೇಲೆ ಶ್ವಾಸಕೋಶ ಹಿಡಿಯುತ್ತದೆ. ಅದರ ಬದಲು ಒಲೆಯ ಕೊಳವೆಯ ಮೀಥೇನ್ ಸಾಕಾದರೆ ಎಂಥ ನೆಮ್ಮದಿ ಎಂದು ಯಾರಿಗಾದರೂ ಅನ್ನಿಸೀತು. ಅನ್ನಿಸುವುದು ಸಹಜ, ಆಗುವುದು ಕಷ್ಟ. ನಾನೂರು ಐನೂರು ಡಿಗ್ರಿಯ ಶಾಖ, ಹಗಲಿರುಳು ಅನಿಲ ಹಾಯಿಸುವ ಕೊಳವೆಗಳು, ನೂರರಲ್ಲಿ ತೊಂಬತ್ತೈದು ಪಾಲನ್ನು ಬೇರ್ಪಡಿಸಿ ಮತ್ತೆ ಒಳಗೆ ಕಳಿಸುವ ಗೋಪುರಗಳು, ಮಸಿ ಹಿಡಿದ ಜಿಯೊಲೈಟನ್ನು ಸುಟ್ಟು ಚೊಕ್ಕ ಮಾಡುವ ವ್ಯವಸ್ಥೆ: ಇದು ಗಾಜಿನ ಒಳಪದರದ ಪಾತ್ರೆಯಲ್ಲಿ ಇಂದೊಂದು, ನಾಳೆಯೊಂದು ಸರಕು ಮಾಡುವ ಡೊಂಬಿವಲಿಯ ಘಟಕಗಳಿಗೆ ಒಗ್ಗುವ ಕೆಲಸವೇ ಅಲ್ಲ. ಮೇಲಾಗಿ ಔಷಧಿಯ ಸೂಕ್ಷ್ಮ ಅಣುಗಳು ಆ ಶಾಖಕ್ಕೆ ಉಳಿಯುವುದೂ ಇಲ್ಲ. ಈ ವಿದ್ಯೆ ಎಂದಾದರೂ ಪ್ರಯೋಗಾಲಯದ ಬಾಗಿಲು ದಾಟಿದರೆ ನಿಲ್ಲುವುದು ಪಾತಾಳಗಂಗಾ, ಮಂಗಳೂರಿನಂಥ ದೊಡ್ಡ ಸಂಕೀರ್ಣಗಳಲ್ಲಿ. ಅಲ್ಲಿ ಉಂಗುರವೂ ಇದೆ, ಉಳಿದ ಹೈಡ್ರೋಜನನ್ನು ಕೊಳ್ಳುವ ಸಂಸ್ಕರಣಾಗಾರವೂ ಪಕ್ಕದಲ್ಲೇ ಇದೆ.

ಮೀಥೇನನ್ನು ನೇರವಾಗಿ ಬೆಲೆಬಾಳುವ ರಾಸಾಯನಿಕ ಮಾಡಿದೆವು ಎಂಬ ಸುದ್ದಿ ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಮುಂದಿನ ಸಲ ಓದಿದಾಗ ಶೀರ್ಷಿಕೆ ಬಿಟ್ಟು ಒಳಗೆ ನೋಡಿ: ಕಾರ್ಬನ್-13 ಹಾಕಿ ಪರೀಕ್ಷಿಸಿದ್ದಾರೆಯೇ, ಹೈಡ್ರೋಜನ್ ಎಲ್ಲಿ ಹೋಯಿತು, ವೇಗವರ್ಧಕ ಎಷ್ಟು ಗಂಟೆ ಬಾಳಿತು. ಮೂರಕ್ಕೂ ಉತ್ತರ ಇಲ್ಲದಿದ್ದರೆ ಪುಟ ತಿರುಗಿಸಬಹುದು.